ಹನ್ನೊಂದು ಗಂಟೆ ಹತ್ತು ನಿಮಿಷ

ವಿಮಾನ ಕಂಪನಿಯ ಕಚೇರಿಯಲ್ಲಿ ಅವಳ ಕೆಲಸ ಒಂದೇ. ಈ ನಿಲ್ದಾಣದಿಂದ ಆ ನಿಲ್ದಾಣಕ್ಕೆ ಎಷ್ಟು ದೂರ, ಗಾಳಿ ಎತ್ತ ಬೀಸುತ್ತಿದೆ, ಎಷ್ಟು ಹೊತ್ತು ಹಾರಬೇಕು ಎಂದು ಲೆಕ್ಕ ಹಾಕಿ ಪೈಲಟ್ಟಿನ ಕೈಗೆ ಕೊಡುವುದು. ಹದಿನೆಂಟು ವರ್ಷದಲ್ಲಿ ಅವಳ ಲೆಕ್ಕ ಐದು ನಿಮಿಷ ಆಚೀಚೆ ಆದದ್ದಿಲ್ಲ. ಈ ಹೆಮ್ಮೆ ಅವಳಿಗಿಂತ ಅವಳ ಅಕ್ಕನಿಗೇ ಹೆಚ್ಚು. ತನ್ನ ಹೊಲಿಗೆ ಅಂಗಡಿಗೆ ಅಳತೆ ಕೊಡಲು ಬಂದವರನ್ನೆಲ್ಲ ನಿಲ್ಲಿಸಿಕೊಂಡು, "ನನ್ನ ತಂಗಿ ಹೇಳಿದ ಹೊತ್ತಿಗೆ ಇಳೀಲಿಲ್ಲ ಅಂದ್ರೆ ತಪ್ಪು ವಿಮಾನದ್ದು" ಎಂದು ಕೊಚ್ಚಿಕೊಳ್ಳುತ್ತಿದ್ದಳು. ತಾಯಿ ಹೋದ ಮೇಲೆ ತಂಗಿಯನ್ನು ಸಾಕಿ ಓದಿಸಿದವಳು ಅವಳೇ. ಜಂಭ ಪಡಲಿ, ಹಕ್ಕಿದೆ.

ಆ ಅಕ್ಕ ಈಗ ಒಂಬತ್ತು ಸಾವಿರದ ಇನ್ನೂರು ಕಿಲೋಮೀಟರ್ ಆಚೆ ಆಸ್ಪತ್ರೆಯಲ್ಲಿದ್ದಳು. ರೋಗ ಮೂಳೆಗೆ ಇಳಿದಿತ್ತು. ಇನ್ನು ನಿದ್ದೆಯ ಔಷಧಿಯೊಂದೇ ದಾರಿ, ಅದು ಶುರುವಾದರೆ ಮತ್ತೆ ಮಾತುಕತೆ ಇರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಕ್ಕ ಹಟ ಹಿಡಿದಳು: ತಂಗಿಯನ್ನು ಕಣ್ಣಾರೆ ಕಂಡು ಮಾತಾಡಿಯೇ ಔಷಧಿ.

ವಿಮಾನ ಹತ್ತುವ ಸರದಿಯಲ್ಲಿ ನಿಂತು ತಂಗಿ ಫೋನ್ ಮಾಡಿದಳು.

"ಎಷ್ಟೊತ್ತಾಗುತ್ತೇ?" ಅಕ್ಕ ಹಲ್ಲು ಕಚ್ಚಿಕೊಂಡೇ ಕೇಳಿದಳು.

"ಹನ್ನೊಂದು ಗಂಟೆ ಹತ್ತು ನಿಮಿಷ ಅಕ್ಕಾ."

"ಅಷ್ಟೇ ತಾನೇ? ತಡ್ಕೋತೀನಿ. ಬಾ."

ತಂಗಿಯ ಬಾಯಿಗೆ ಬಂದದ್ದು ಕಚೇರಿಯ ಲೆಕ್ಕ. ಅಲ್ಲಿ ಹೊತ್ತು ಎಂದರೆ ಗಾಲಿ ನೆಲ ಬಿಟ್ಟಾಗಿನಿಂದ ನೆಲ ಮುಟ್ಟುವವರೆಗೆ. ಹಾರುವ ಮುಂಚಿನ ಕಾಯುವಿಕೆ, ಇಳಿದ ಮೇಲೆ ಕಾಗದಪತ್ರ ತೋರಿಸುವ ಸಾಲು, ಊರೊಳಗಿನ ರಸ್ತೆ, ಇವೆಲ್ಲ ಪೈಲಟ್ಟಿಗೆ ಬೇಡ. ಅಕ್ಕನಿಗೆ ಬೇಕಿತ್ತು. ಇಷ್ಟು ಬುದ್ಧಿವಂತೆಗೆ ಅಷ್ಟು ಹೊಳೆಯಲಿಲ್ಲ ನೋಡಿ! ಹೊಳೆದದ್ದು ಸಮುದ್ರದ ಮೇಲೆ, ಫೋನ್ ಮಾಡಲಾಗದ ಜಾಗದಲ್ಲಿ.

ವಿಮಾನ ಹೇಳಿದಷ್ಟೇ ಹೊತ್ತು ಹಾರಿತು, ಒಂದು ನಿಮಿಷ ಹೆಚ್ಚಿಲ್ಲ. ಇಳಿದೊಡನೆ ಭಾವನಿಗೆ ಫೋನ್ ಮಾಡಿದಳು. ಅಷ್ಟರಲ್ಲಿ ಅಕ್ಕನನ್ನು ಒಳಗಿನ ವಾರ್ಡಿಗೆ ಸಾಗಿಸಿದ್ದರು. ಅಲ್ಲಿ ಫೋನನ್ನು ಬಾಗಿಲಲ್ಲೇ ಬಿಟ್ಟು ಹೋಗಬೇಕು. ಯಾರೂ ಎತ್ತಲಿಲ್ಲ.

ಅವಳು ಓಡಿಕೊಂಡು ವಾರ್ಡಿಗೆ ಬಂದಾಗ ಅಕ್ಕ ಮಲಗಿದ್ದಳು. ಹಣೆಯ ಗಂಟು ಬಿಚ್ಚಿತ್ತು. ಪಕ್ಕದ ಸ್ಟೂಲಿನ ಮೇಲೆ ಭಾವ ಕೂತಿದ್ದ.

"ಮುಕ್ಕಾಲು ಗಂಟೆ ಆಯ್ತು ಔಷಧಿ ಕೊಟ್ಟು," ಎಂದ. "ನೀನು ಹೇಳಿದ ಹೊತ್ತು ಮುಗಿದ್ಮೇಲೂ ಒಂದೂವರೆ ಗಂಟೆ ಕಾದ್ಲು. ದಿಂಬಿನ ಬಟ್ಟೆ ಕಚ್ಚಿ ಹರಿದು ಹಾಕಿದ್ಲು. ದಾರೀಲಿ ತಡ ಆಗಿರ್ಬೇಕು ಕಣೇ ಅಂದೆ. 'ಅವಳ ಲೆಕ್ಕ ತಪ್ಪಲ್ಲ ರೀ, ಹೊರಟಿದ್ರೆ ಇಷ್ಟೊತ್ತಿಗೆ ಬಂದಿರ್ತಿದ್ಲು' ಅಂದ್ಲು. 'ಕೊನೇ ಗಳಿಗೇಲಿ ಕೆಲಸಕ್ಕೆ ವಾಪಸ್ ಕರೆದಿರ್ಬೇಕು ಪಾಪ, ಬೈಬೇಡಿ ಅವಳ್ನ' ಅಂತ ಹೇಳಿ ತಾನೇ ನರ್ಸನ್ನ ಕರೆದ್ಲು."

ಅಕ್ಕ ಬೈದಿದ್ದರಾದರೂ ತಂಗಿ ತಡೆದುಕೊಳ್ಳುತ್ತಿದ್ದಳು.

ನರ್ಸು ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಔಷಧಿ ನಿಲ್ಲಿಸಿದ್ರೆ ಒಂದೆರಡು ಗಂಟೇಲಿ ಎಚ್ಚರ ಆದ್ರೂ ಆಗ್ಬಹುದು. ಆದ್ರೆ ನೋವೂ ವಾಪಸ್ ಬರುತ್ತೆ. ಡಾಕ್ಟರನ್ನ ಕೇಳ್ಲಾ?"

ಭಾವ ತಲೆ ಎತ್ತಿ ಅವಳನ್ನೇ ನೋಡಿದ. ಅವಳು ಅಕ್ಕನಿಗೆ ಹೇಳಬೇಕಿದ್ದದ್ದು ಒಂದೇ ಮಾತು: ನಾನು ಹೊರಟಿದ್ದೆ ಅಕ್ಕಾ. ಅಷ್ಟು ಕೇಳಿಸಿಕೊಂಡರೆ ಸಾಕಿತ್ತು. ಅವಳು ದಿಂಬಿನ ಹರಿದ ಅಂಚನ್ನು ಮುಟ್ಟಿದಳು. ಅದು ಇನ್ನೂ ಒದ್ದೆಯಾಗಿತ್ತು.

"ಬೇಡ," ಎಂದಳು. "ಮಲಗ್ಲಿ ಬಿಡಿ."