ಮೇಕೆ ಬಿಚ್ಚಿದ ಪೊಟ್ಟಣ

ದೀಪಾವಳಿ ಹತ್ತಿರವಾದಾಗ ತೋವಿನಕೆರೆಯ ನಮ್ಮ ಮಹಿಳಾ ಸಂಘಕ್ಕೆ ವಕೀಲರ ನೋಟಿಸ್ ಬಂತು. ಎಣ್ಣೆಸ್ನಾನದ ಅರಿಶಿನ ಬೆರೆಸಿದ ಹಿಟ್ಟನ್ನು ನಾವು ಮುತ್ತುಗದ ಎಲೆಯ ಪೊಟ್ಟಣದಲ್ಲಿ ಕಟ್ಟಿ ಮಾರುತ್ತೇವೆ. ಆ ಪೊಟ್ಟಣದ ವಿನ್ಯಾಸ ಸೌಂದರ್ಯ ಸಾಮಗ್ರಿ ಕಂಪನಿಯೊಂದರ ಹೆಸರಿನಲ್ಲಿ ಹೋದ ವರ್ಷ ನೋಂದಣಿಯಾಗಿದೆಯಂತೆ. ನಾವು ಮಾರಾಟ ನಿಲ್ಲಿಸಬೇಕಂತೆ. ಓದಿ ಮುಗಿಸಿ, ಗೋಡೆಯ ಪಕ್ಕ ಜೋಡಿಸಿಟ್ಟ ಪೊಟ್ಟಣಗಳತ್ತ ನೋಡಿದೆ. ಅವುಗಳಲ್ಲಿ ಪ್ಲಾಸ್ಟಿಕ್ಕಿಲ್ಲ, ಅಂಟಿಲ್ಲ. ಎಲೆಯ ತೊಟ್ಟೇ ಚಿಲಕ. ಅದನ್ನೆಳೆದರೆ ಇಡೀ ಪೊಟ್ಟಣ ಬಿಚ್ಚಿಕೊಳ್ಳುತ್ತದೆ.

ಸಲಹೆ ಕೇಳಲು ಹೋದಾಗ ಮಧುಗಿರಿಯ ವಕೀಲ ನರಸಿಂಹರಾಜು ಒಂದು ಪೊಟ್ಟಣ ಬಿಚ್ಚಿ, ಮತ್ತೆ ಕಟ್ಟಲು ಹೋಗಿ ಮೇಜಿನ ತುಂಬ ಹಿಟ್ಟು ಚೆಲ್ಲಿಕೊಂಡರು.

“ಅವ್ರು ನೋಂದಾಯಿಸೋಕೆ ಮುಂಚೇನೇ ಇದು ಬಳಕೇಲಿತ್ತು ಅಂತ ತೋರಿಸಿ ಮೇಡಂ, ರದ್ದು ಮಾಡ್ಸಬೋದು. ಬಾಯ್ಮಾತು ಸಾಲ್ದು. ಕಣ್ಣಿಗೆ ಕಾಣ್ಬೇಕು, ತಾರೀಖೂ ಇರ್ಬೇಕು.”

“ಆಮೇಲೆ ನಮ್ಮ ಸಂಘದ ಹೆಸರಲ್ಲಿ ನೋಂದಾಯಿಸಬಹುದಾ?”

“ಹಳೇದು ಅಂತ ನೀವೇ ತೋರ್ಸ್ಬುಟ್ಟು, ಹೊಸದು ಅಂತ ಹೆಂಗೆ ಕೇಳ್ತೀರಿ?”

ಎಲೆಯನ್ನು ಹಾಗೆ ಮಡಚಿ ಕಟ್ಟುವುದನ್ನು ಸಂಘಕ್ಕೆ ಕಲಿಸಿದವರು ಗಂಗಲಕ್ಷ್ಮಮ್ಮ. ಅವರಿಗೆ ಯಾರು ಕಲಿಸಿದರೆಂದು ಅದುವರೆಗೆ ನಾವ್ಯಾರೂ ಕೇಳಿರಲಿಲ್ಲ.

“ನಮ್ಮ ತೌರಲ್ಲಿ ಮದ್ವೆ ಹೆಣ್ಣಿಗೆ ಅರಿಶಿನದ ಹಿಟ್ಟು ಇದ್ರಾಗೇ ಕಟ್ಟೋದು ಕಣಮ್ಮ. ಪಾವಗಡದ ತಾವ ಕ್ಯಾತಗಾನಚೆರ್ಲಲ್ಲಿ.”

“ಯಾರದಾದರೂ ಮದುವೆಯ ಫೋಟೊ ಇದೆಯಾ?”

“ಫೋಟೊದೋನು ಹೆಣ್ಣಿನ ಮೊಕ ಹಿಡೀತಾನೆ, ಎಲೆ ಹಿಡೀತಾನಾ?” ಆಮೇಲೆ ನೆನಪಿಸಿಕೊಂಡು ಹೇಳಿದರು: “ನಮ್ಮಣ್ಣನ ಮಗಳು ಲಕ್ಷ್ಮೀದೇವಿ ಮದ್ವೆಗೆ ವಿಡಿಯೋ ಮಾಡ್ಸಿದ್ರು. ಕೊಡ್ತಾಳೋ ಇಲ್ವೋ. ಆ ಗಂಡನ್ನ ಬುಟ್ಟು ಬಂದವ್ಳೆ.”

ಗಂಗಲಕ್ಷ್ಮಮ್ಮನವರ ಜೊತೆ ಪಾವಗಡದ ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಕೇಳಬೇಕಾದ ಮಾತನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದೆ. ಸೋಲಾರ್ ಪ್ಯಾನೆಲ್‌ಗಳಡಿಯ ಹುಲ್ಲು ಕೊಯ್ಯುವ ಕೆಲಸ ಮುಗಿಸಿ ಲಕ್ಷ್ಮೀದೇವಿ ಆಗಷ್ಟೇ ಮನೆಗೆ ಬಂದಿದ್ದಳು. ವಿಡಿಯೋವನ್ನು ಪೆನ್‌ಡ್ರೈವ್‌ಗೆ ಹಾಕಿಸಿ ಇಟ್ಟಿದ್ದಳು. ಒಮ್ಮೆಯೂ ನೋಡಿರಲಿಲ್ಲ.

“ಇದನ್ನ ಯಾರಾರ ನೋಡ್ತಾರಾ ಅಕ್ಕಾ?”

ಇದ್ದದ್ದನ್ನೇ ಹೇಳಿದೆ: “ನೋಡ್ತಾರೆ. ನೋಂದಣಿ ಆಫೀಸಿನವರು, ಕಂಪನಿಯ ವಕೀಲರು.”

“ಅವ್ನು ಅದ್ರಾಗಿದ್ರೆ ಕೊಡಲ್ಲ.”

“ಅರಿಶಿನದ ದಿನ ಗಂಡು ಎಲ್ಲಿ ಬಂದಿದ್ದ ಲೇ?” ಎಂದರು ಗಂಗಲಕ್ಷ್ಮಮ್ಮ. “ಬಂದಿದ್ರೆ ಅವನ ಮೂತಿಗೂ ಬಳೀತಿದ್ವಿ.”

ಲಕ್ಷ್ಮೀದೇವಿ ನಗಲಿಲ್ಲ. ಆದರೆ ಟಿವಿ ಹಾಕಿದಳು.

ಪರದೆಯ ಮೂಲೆಯಲ್ಲಿ ತಾರೀಖಿತ್ತು: ೨೦೧೧ರ ಮೇ ತಿಂಗಳು. ಚಪ್ಪರದ ಕೆಳಗೆ ಹೆಂಗಸರು ಹಾಡುತ್ತಿದ್ದರು. ಕಪ್ಪು ಕೂದಲಿನ ಗಂಗಲಕ್ಷ್ಮಮ್ಮ ತಟ್ಟೆ ಹಿಡಿದು ಬಂದರು. ತಟ್ಟೆಯಲ್ಲಿ ಏನಿದೆಯೆಂದು ನಾನು ಮುಂದಕ್ಕೆ ಬಾಗುವಷ್ಟರಲ್ಲಿ ಕ್ಯಾಮೆರಾ ಹೆಣ್ಣಿನ ಮುಖಕ್ಕೆ ಹೊರಳಿತು.

“ನಾ ಹೇಳ್ಲಿಲ್ವಾ?” ಎಂದರು ಗಂಗಲಕ್ಷ್ಮಮ್ಮ.

ಅಷ್ಟರಲ್ಲಿ ಚಪ್ಪರದ ಕಂಬದ ಹಿಂದಿನಿಂದ ಒಂದು ಮೇಕೆ ತಲೆಹಾಕಿ, ಕೆಳಗಿಟ್ಟಿದ್ದ ತಟ್ಟೆಯಿಂದ ಪೊಟ್ಟಣವೊಂದನ್ನು ಎತ್ತಿಕೊಂಡಿತು. ಹೆಂಗಸರು ಕೂಗಿದರು. ಕ್ಯಾಮೆರಾದವನು ಅದನ್ನೇ ಹಿಂಬಾಲಿಸಿದ. ಮಡಿಕೆ, ಸೀಳು, ಸೀಳಿನಲ್ಲಿ ತೂರಿಸಿದ ತೊಟ್ಟು ಪರದೆಯ ತುಂಬ ಕಂಡವು. ಮೇಕೆ ತೊಟ್ಟನ್ನೇ ಕಚ್ಚಿ ಎಳೆಯಿತು. ಪೊಟ್ಟಣ ಬಿಚ್ಚಿತು. ಅದರ ಗಡ್ಡವೆಲ್ಲ ಹಳದಿಯಾಯಿತು. ನಂತರ ಅದು ನಿಧಾನವಾಗಿ ಎಲೆಯನ್ನೂ ತಿಂದು ಮುಗಿಸಿತು.

ಕಂಪನಿಯ ನೋಂದಣಿ ರದ್ದಾದರೆ ನಾವು ಮಾರಬಹುದು, ಇನ್ನು ಬೇರೆಯವರೂ ಮಾರಬಹುದು. ಸಂಘದ ಹೆಸರಿನ ನೋಂದಣಿಯ ಆಸೆ ಆ ಮೇಕೆಯ ಹೊಟ್ಟೆ ಸೇರಿತು. ಆದರೂ ನಾನು ಅದರ ಗಡ್ಡದಿಂದ ಕಣ್ಣು ತೆಗೆಯಲಿಲ್ಲ.

ಕ್ಯಾಮೆರಾ ವಾಪಸು ತಿರುಗಿತು. ಮದುವೆ ಹೆಣ್ಣು ಹೊಟ್ಟೆ ಹಿಡಿದು, ಪಕ್ಕದವಳ ಮೇಲೆ ಒರಗಿ ನಗುತ್ತಿದ್ದಳು.

ಲಕ್ಷ್ಮೀದೇವಿ ರಿಮೋಟ್ ತೆಗೆದುಕೊಂಡು ಹಿಂದಕ್ಕೆ ಒತ್ತಿದಳು. ಆ ನಗು ಮತ್ತೆ ಬಂತು.

“ತಗೊಂಡೋಗಕ್ಕಾ,” ಎಂದಳು ಪರದೆಯನ್ನೇ ನೋಡುತ್ತ. “ಆದ್ರೆ ನಂಗೆ ವಾಪಸ್ ಬೇಕು.”