ಅರ್ಜಿಯ ಒಂಬತ್ತನೇ ಪ್ರಶ್ನೆ

‘ಹಗಲು ಹೊತ್ತು ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವ ಹಿರಿಯರು ಇದ್ದಾರೆಯೇ?’ ಶಿಶುವಿಹಾರದ ಅರ್ಜಿಯಲ್ಲಿ ಅದು ಒಂಬತ್ತನೇ ಪ್ರಶ್ನೆ. ನಾನು ‘ಇಲ್ಲ’ ಎಂದು ಬರೆದೆ. ನನ್ನ ಗಂಡ ಉದಯಕುಮಾರ್ ಓದದೆ ಸಹಿ ಹಾಕಿದರು.

ಅದು 2005ರ ಮೇ ತಿಂಗಳು. ಬಸವೇಶ್ವರನಗರದ ನಮ್ಮ ಮನೆಯಿಂದ ಎರಡು ಅಡ್ಡರಸ್ತೆ ಆಚೆಗಿತ್ತು ಶೈಲಾ ಮೇಡಂ ನಡೆಸುತ್ತಿದ್ದ ಆ ಶಿಶುವಿಹಾರ. ಹನ್ನೆರಡೂವರೆಗೆ ಬಿಡುವ ಹಾಫ್ ಡೇ ಯಾರಿಗಾದರೂ ಸಿಗುತ್ತಿತ್ತು. ಸಂಜೆ ಐದರವರೆಗಿನ ಫುಲ್ ಡೇಗೆ ಹದಿನೈದೇ ಸೀಟು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗಿ, ಮನೆಯಲ್ಲಿ ಬೇರೆ ಯಾರೂ ಇಲ್ಲದ ಮಕ್ಕಳಿಗೆ ಮಾತ್ರ. ನಮ್ಮ ಮನೆಯಲ್ಲಿ ನನ್ನ ಅತ್ತೆ ನೀಲಗಂಗಮ್ಮ ಇದ್ದರು. ರಾಣೆಬೆನ್ನೂರಿನಿಂದ ಬಂದು, ನನ್ನ ಮಗಳು ಐಶ್ವರ್ಯಳನ್ನು ಮೂರು ತಿಂಗಳ ಕೂಸಿನಿಂದ ಸಾಕಿದವರು.

ರಾಜಾಜಿನಗರದ ಔಷಧ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಮಾತ್ರೆಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಏನನ್ನಾದರೂ ಬರೆದಿಟ್ಟರೇ ನನಗೆ ಸಮಾಧಾನ. ಮೂರು ತಿಂಗಳು ಒಂದು ನೋಟ್‌ಬುಕ್ಕಿನಲ್ಲಿ ಬರೆದೆ: ಮಧ್ಯಾಹ್ನ ಎಷ್ಟು ಹೊತ್ತು ನಿದ್ದೆ, ಎಷ್ಟು ಹೊತ್ತು ಟಿ.ವಿ., ತಾನೇ ತಿಂದಳೋ ಅಜ್ಜಿ ತಿನ್ನಿಸಿದರೋ. ಭಾನುವಾರದ್ದು ನಾನೇ ಕಂಡದ್ದು, ಉಳಿದ ದಿನಗಳದ್ದು ಮಗಳನ್ನು ಕೇಳಿ ತಿಳಿದದ್ದು. ಫುಲ್ ಡೇಯೇ ಸರಿ ಎಂಬ ತೀರ್ಮಾನಕ್ಕೆ ಬಂದೆ. ಒಂದನ್ನು ಮಾತ್ರ ಬರೆಯಲಿಲ್ಲ. ಮೇಲಿನ ಮನೆಯ ಮಕ್ಕಳ ಮುಂದೆ ಐಶ್ವರ್ಯ ಅಜ್ಜಿಯ ಮಾತಿನ ಧಾಟಿಯಲ್ಲಿ ‘ನಾ ಒಲ್ಲೆ, ನೀ ಹೋಗ’ ಎಂದಾಗ, ಅವರು ನಕ್ಕಾಗ, ನನಗೆ ಮುಜುಗರವಾಗುತ್ತಿತ್ತು. ನೋಟ್‌ಬುಕ್ ಶುರುವಾದದ್ದು ಅಂಥದೊಂದು ಸಂಜೆ.

ಅತ್ತೆಗೆ ಬೇರೆ ಸುಳ್ಳು ಹೇಳಿದೆ. "ಈ ವರ್ಷದಿಂದ ಎಲ್ಲಾ ಮಕ್ಕಳಿಗೂ ಫುಲ್ ಡೇ ಮಾಡ್ಬಿಟ್ಟಿದ್ದಾರೆ ಅತ್ತೆ. ಸ್ಕೂಲಿನ ರೂಲು."

"ನಾಕು ವರ್ಷದ ಕೂಸಿಗೆ ಸಂಜಿತನಕ ಏನು ಕಲಸ್ತಾರವಾ, ಡೀಸಿ ಮಾಡ್ತಾರೇನು?" ಎಂದು ನಕ್ಕರು. "ರೂಲು ಅಂದಮ್ಯಾಲ ಏನ್ ಮಾಡೂದು, ಬಿಡು."

ಇನ್ನು ಉಳಿದವಳು ಮಗಳು.

"ಮನೇಲಿ ಯಾರ್ಯಾರಿದ್ದಾರೆ ಅಂತ ಮಿಸ್ ಕೇಳಿದ್ರೆ ಏನಂತೀಯ?"

"ಅಪ್ಪ, ಅಮ್ಮ, ನಾನು, ಅಜ್ಜಿ."

"ಅಜ್ಜಿ ಹೆಸರು ಸ್ಕೂಲಲ್ಲಿ ಎತ್ತಬಾರದು ಪುಟ್ಟಿ. ಎತ್ತಿದ್ರೆ ಸ್ಕೂಲಿಂದ ಕಳಿಸ್ಬಿಡ್ತಾರೆ. ಈಗ ಹೇಳು."

"ಅಪ್ಪ, ಅಮ್ಮ, ನಾನು. ಅಷ್ಟೇ."

"ಜಾಣೆ," ಎಂದು ಬೆನ್ನು ತಟ್ಟಿದೆ.

ಶ್ರಾವಣ ಸೋಮವಾರ ಅತ್ತೆ ಮಾದಲಿ ಮಾಡುತ್ತಿದ್ದರು. ಗೋಧಿ ರೊಟ್ಟಿಯನ್ನು ಪುಡಿ ಮಾಡಿ ಬೆಲ್ಲ ಬೆರೆಸಿದ ಆ ಸಿಹಿಯನ್ನು ಪೂಜೆಯಾದ ಮೇಲೆ ಹಾಲಿನಲ್ಲಿ ಕಲಸಿ, ಮೊದಲ ತುತ್ತನ್ನು ಮೊಮ್ಮಗಳ ಬಾಯಿಗಿಟ್ಟು ಆಮೇಲೆ ತಾವು ತಿನ್ನುವುದು ಅವರ ಪದ್ಧತಿ. ಆ ವರ್ಷದ ಮೊದಲ ಸೋಮವಾರ ಮಧ್ಯಾಹ್ನ ಮೊಮ್ಮಗಳು ಮನೆಯಲ್ಲಿರಲಿಲ್ಲ. ಇದು ನನಗೆ ಹೊಳೆದೇ ಇರಲಿಲ್ಲ.

ಸಂಜೆ ಐದಕ್ಕೆ ಕರೆದುಕೊಂಡು ಬರಲು ಹೋದಾಗ ಆಯಾ ಭಾಗವ್ವ ಗೇಟಿನಲ್ಲೇ ತಡೆದಳು.

"ನಿಮ್ಮ ಮಗಳು ಇವತ್ತ ಉಂಡೇ ಇಲ್ರೀ ಮೇಡಂ. ನಿಮ್ಮ ಬಾಜೂಮನಿ ಅಜ್ಜಿ ಬಂದು ಹೋದಾಗಿಂದ ಮೂಲ್ಯಾಗ ಕುಂತಾಳ."

"ಪಕ್ಕದ ಮನೆಯ ಯಾವ ಅಜ್ಜಿ?"

"ಹಣಿ ತುಂಬ ವಿಭೂತಿ ಹಚ್ಚಿದ್ರಲ್ರೀ, ನಮ್ಮ ಕಡೇರು. ಹಾಫ್ ಡೇ ಮಕ್ಕಳು ಬಿಡೂ ಹೊತ್ತಿಗೆ ಡಬ್ಬಿ ಹಿಡ್ಕೊಂಡು ಬಂದ್ರು. ‘ಎಲ್ಲಾ ಮಕ್ಕಳೂ ಸಂಜಿತನಕ ಇರ್ತಾವಂತಲ್ಲ, ಇವ್ಯಾಕ ಮನಿಗೆ ಹೊಂಟಾವ?’ ಅಂತ ಕೇಳಿದ್ರು. ‘ಮನ್ಯಾಗ ಹಿರೇರು ಇದ್ದವು ಹೋಗ್ತಾವ, ಇಲ್ಲದವು ಇರ್ತಾವ’ ಅಂದೆ. ಹೊಂಟ ಮಕ್ಕಳನ್ನ ಒಂದೊಂದಾಗಿ ನೋಡಿದ್ರು. ಆಮ್ಯಾಲೆ, ನಾ ಐಶ್ವರ್ಯನ ಅಜ್ಜಿ, ಒಂದು ತುತ್ತು ತಿನ್ನಿಸಿ ಹೋಗ್ತೀನಿ ಅಂದ್ರು. ಶೈಲಾ ಮೇಡಂ ಅರ್ಜಿ ತೆಗೆದು ನೋಡಿ, ಈ ಮಗೂಗೆ ಅಜ್ಜಿ ಇಲ್ವಲ್ಲ ಅಂದ್ರು. ಕೂಸನ್ನ ಕರದು, ಇವರು ಯಾರಮ್ಮಾ ಅಂತ ಕೇಳಿದ್ರು."

"ಏನಂದ್ಲು?"

"ಗೊತ್ತಿಲ್ಲ ಮಿಸ್ ಅಂದ್ಲು."

"ಆಮೇಲೆ?"

"ಆ ಅಜ್ಜಿನೇ ನಕ್ಕುಬಿಟ್ರು. ‘ಬಾಜೂಮನ್ಯಾಕಿ ರೀ ನಾ, ಸಲಗಿಲೆ ಅಜ್ಜಿ ಅಂದೆ, ಕೂಸಿಗೆ ಬೈಬ್ಯಾಡ್ರಿ’ ಅಂದ್ರು. ಹೊರಗಿನವರ ಕೈಲೆ ತಿನ್ನಸಂಗಿಲ್ಲ ಅಂತ ನಾ ಡಬ್ಬಿ ವಾಪಸ್ ಕೊಟ್ಟೆ. ಮಾದಲಿ ಇತ್ತರೀ."

ದಾರಿಯುದ್ದಕ್ಕೂ ಐಶ್ವರ್ಯ ಒಂದೇ ಮಾತು ಆಡಿದಳು: "ನಾನು ಸರಿಯಾಗಿ ಹೇಳ್ದೆ ಅಲ್ವಾ ಅಮ್ಮ?"

ಮನೆಯಲ್ಲಿ ಡಬ್ಬಿ ಅಡುಗೆ ಕಟ್ಟೆಯ ಮೇಲೆ ಹಾಗೇ ಇತ್ತು. ಮುಚ್ಚಳ ತೆಗೆದರೆ ಮಾದಲಿಯನ್ನು ಯಾರೂ ಮುಟ್ಟಿರಲಿಲ್ಲ; ಅತ್ತೆ ಬೆಳಗಿನಿಂದ ಉಪವಾಸ ಎಂದು ಆಗ ಗೊತ್ತಾಯಿತು.

"ಅತ್ತೆ, ಇವತ್ತು ಸ್ಕೂಲಲ್ಲಿ..."

"ಹಾಲು ಉಕ್ಕತೈತಿ, ಒಲಿ ಸಣ್ಣ ಮಾಡು," ಎಂದರು. ಮಾಡಿದೆ. ಹಾಲಿನ ಪಾತ್ರೆ ಇಳಿಸಿಟ್ಟು, ನನ್ನ ಕಡೆ ನೋಡದೆ, "ನನಗ ಹೇಳಬೇಕಿಲ್ಲೇನು ಚೇತನಾ? ಊರಿಗೆ ಹೋಗಿಬಿಡ್ತಿದ್ದೆ. ನೀ ಬರದದ್ದು ಖರೇನ ಆಗ್ತಿತ್ತು. ಕೂಸಿನ ಬಾಯಾಗ ಯಾಕ ಹಾಕಿದಿ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ನೋಟ್‌ಬುಕ್ ತಂದು ತೋರಿಸುತ್ತಿದ್ದೆನೇನೋ.

ನಮ್ಮ ಲ್ಯಾಬಿನಲ್ಲಿ ತಪ್ಪು ಬರೆದದ್ದನ್ನು ಅಳಿಸುವಂತಿಲ್ಲ, ಬಿಳಿ ಬಣ್ಣ ಬಳಿಯುವಂತಿಲ್ಲ. ತಪ್ಪು ಕಾಣುವ ಹಾಗೆ ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮತ್ತು ತಾರೀಕು ಹಾಕಬೇಕು. ಮರುದಿನ ಬೆಳಿಗ್ಗೆ ಶೈಲಾ ಮೇಡಂ ಮುಂದೆ ಕುಳಿತು ಹಾಗೇ ಮಾಡಿದೆ. ಗೆರೆಯ ಕೆಳಗೆ ‘ಇಲ್ಲ’ ಸ್ಪಷ್ಟವಾಗಿ ಕಾಣುತ್ತಿತ್ತು.

"ನಿನ್ನೆ ಬಂದಿದ್ದವರು?" ಎಂದರು ಮೇಡಂ.

"ನನ್ನ ಅತ್ತೆ."

ಬಾಗಿಲಲ್ಲಿ ನೀರಿನ ಜಗ್ ಹಿಡಿದು ನಿಂತಿದ್ದ ಭಾಗವ್ವ ನನ್ನನ್ನು ಒಮ್ಮೆ ನೋಡಿ ಒಳಗೆ ಹೋದಳು.

"ಕಾಮಾಕ್ಷಿಪಾಳ್ಯದಲ್ಲಿ ಗಾರ್ಮೆಂಟ್ಸಿಗೆ ಹೋಗೋ ಹುಡುಗಿ ಒಬ್ಳು ಜೂನಿಂದ ನಾಲ್ಕು ಸಲ ಬಂದು ಕೇಳ್ಕೊಂಡು ಹೋಗಿದ್ದಾಳೆ. ಮಗೂನ ಮಿಷನ್ ಪಕ್ಕ ಮಲಗಿಸ್ಕೋತಾಳಂತೆ. ಸೀಟಿಲ್ಲಮ್ಮ ಅಂದಿದ್ದೆ," ಎಂದು ಮೇಡಂ ಅರ್ಜಿಯನ್ನು ಮಡಚಿದರು. "ಇವತ್ತಿಂದ ನಿಮ್ಮ ಮಗಳು ಹಾಫ್ ಡೇ. ಹನ್ನೆರಡೂವರೆಗೆ ಬನ್ನಿ."

ಅರ್ಧ ದಿನ ರಜೆ ಹಾಕಿದೆ. ಅತ್ತೆ ಬರಲು ಒಪ್ಪಲಿಲ್ಲ. "ಬ್ಯಾಡ, ನನ್ನ ನೋಡಿ ಕೂಸು ಗಾಬರಿ ಆಗ್ತೈತಿ." ಬಹಳ ಕೇಳಿಕೊಂಡ ಮೇಲೆ ಬಂದರು. ಆದರೆ ಗೇಟಿನ ಹತ್ತಿರ ಬಾರದೆ ರಸ್ತೆಯಾಚೆ ಹೊಂಗೆ ಮರದ ಕೆಳಗೆ ನಿಂತುಕೊಂಡರು.

ಬೆಲ್ ಹೊಡೆಯಿತು. ಮಕ್ಕಳು ಕೂಗುತ್ತಾ ಓಡಿ ಬಂದವು. ಐಶ್ವರ್ಯ ನಡೆದು ಬಂದಳು. ರಸ್ತೆಯಾಚೆ ಕಣ್ಣು ಹೋಯಿತು, ಅಲ್ಲೇ ನಿಂತಳು. ನನ್ನ ಸೆರಗು ಜಗ್ಗಿ, ಬಗ್ಗಿದ ನನ್ನ ಕಿವಿಗೆ ಬಾಯಿಟ್ಟು ಕೇಳಿದಳು:

"ಅಮ್ಮ, ಈಗ ಹೇಳ್ಬಹುದಾ?"

"ಹೇಳು ಪುಟ್ಟಿ."

ಆದರೂ ಅವಳು ತಿರುಗಿ ಮಿಸ್ ಎಲ್ಲಿದ್ದಾರೆ ಎಂದು ನೋಡಿಕೊಂಡಳು. ಆಮೇಲೆ, ಪಿಸುಮಾತಿನಲ್ಲಿ, "ಅಜ್ಜಿ," ಎಂದಳು.

ರಸ್ತೆಯಾಚೆಗೆ ಅದು ಕೇಳಿಸಲಿಲ್ಲ. ಗಟ್ಟಿಯಾಗಿ ಕೂಗು ಎನ್ನಲು ನನಗೆ ಬಾಯಿ ಬರಲಿಲ್ಲ.