ತೊಕಿಕೊ ಕಲಿತ ಕೈಕುಣಿತ

ಇದು ನಡೆದ ಕಥೆ. ಅನುಮಾನವಿದ್ದವರು ನಗೋಯಾದಲ್ಲಿ ‘ಕುರೋಯುರಿ’ ರಾಕ್ ತಂಡದ ಅಭಿಮಾನಿಗಳಲ್ಲಿ ಯಾರನ್ನಾದರೂ ಕೇಳಿ. ಮೊದಲು ತಲೆ ತಡವಿಕೊಂಡು, ಆಮೇಲೆ ಹೌದೆನ್ನುತ್ತಾರೆ.

ಮಿಜುಹೊ ಊಟದ ಡಬ್ಬಿ ಕಟ್ಟಿಕೊಡುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅನ್ನದ ಉಂಡೆ ಕಟ್ಟುವುದಕ್ಕಿಂತ ಕಂಡವರನ್ನು ಅಣಕಿಸುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಜೊತೆಗಿದ್ದ ತೊಕಿಕೊಗೆ ಐವತ್ತೆರಡು. ಕುರೋಯುರಿಯ ಹೊಸ ಆಲ್ಬಮ್ ‘ಗಾಜಿನ ಶವಯಾತ್ರೆ’ ಮೂರು ಬೇರೆ ಮುಖಪುಟಗಳಲ್ಲಿ ಬಂದಾಗ ಮೂರನ್ನೂ ತಂದವರು ಅವರು. ಒಟ್ಟು ಹನ್ನೊಂದು ಹಾಡು. ಹತ್ತರಲ್ಲಿ ಗಾಯಕ ರೇಯಿಕಾ ಸಾಯುತ್ತಾನೆ, ಹನ್ನೊಂದನೆಯದರಲ್ಲಿ ಸತ್ತ ಮೇಲೂ ಹಾಡುತ್ತಾನೆ. ಅವನ ಮುಖಕ್ಕೆ ಸುಣ್ಣದ ಬಿಳುಪು, ತುಟಿಗೆ ಕಪ್ಪು, ಹೆಗಲ ತುಂಬ ಕಾಗೆಪುಕ್ಕ.

“ಅವನನ್ನ ನೋಡಿದ್ರೆ ಅಳು ಬರುತ್ತಾ ತೊಕಿಕೊ ಸಾನ್, ಇಲ್ಲಾ ಕೂರಿಸಿ ಊಟ ಹಾಕೋಣ ಅನ್ಸುತ್ತಾ?”

“ಎರಡೂ ಕಣೇ. ನನ್ನ ಗಂಡ ಇಪ್ಪತ್ತೈದು ವರ್ಷದಲ್ಲಿ ನಿನಗೋಸ್ಕರ ಸಾಯ್ತೀನಿ ಅಂತ ಒಂದ್ಸಲಾನೂ ಅಂದಿಲ್ಲ. ಇವನು ಮುಕ್ಕಾಲು ಗಂಟೇಲಿ ಹತ್ತು ಸಲ ಸಾಯ್ತಾನೆ!”

ಈ ಸಲದ ಕಾರ್ಯಕ್ರಮಕ್ಕೆ ಅವರ ಟಿಕೆಟ್ ಸಂಖ್ಯೆ ಮೂರು. ಜೀವಮಾನದಲ್ಲೇ ಮೊದಲ ಬಾರಿ ಮುಂದಿನ ಸಾಲು. ಹಿಗ್ಗುವುದು ಬಿಟ್ಟು ಅವರು ಬೆವರುತ್ತಿದ್ದರು.

“ಮುಂದಿನವರು ಕೈ ಹೇಗಾಡಿಸ್ತಾರೋ ಹಿಂದಿನವರೆಲ್ಲ ಹಾಗೇ. ಹಳೇ ಹಾಡೆಲ್ಲ ಗೊತ್ತು, ಹನ್ನೊಂದನೇದನ್ನ ಎಲ್ಲೂ ಹಾಡೇ ಇಲ್ಲ. ಅಲ್ಲಿ ನಾನು ನಗೆಪಾಟಲಾದ್ರೆ ಇನ್ನು ಆ ಕಡೆ ತಲೆ ಹಾಕಲ್ಲ ಕಣೇ.”

“ಅದಕ್ಕೆ ತಂಡದವರೇ ಕೈ ಗೊತ್ತುಮಾಡಿದಾರಂತೆ. ಟೋಕಿಯೋದ ಗೆಳತಿ ಹೇಳಿದ್ಲು, ಬನ್ನಿ,” ಎಂದಳು ಮಿಜುಹೊ, ನಗು ಹೊರಬಾರದಂತೆ ತುಟಿ ಬಿಗಿಹಿಡಿದು.

ಎರಡೂ ಕೈಯಲ್ಲಿ ತಲೆ ತಡವುವುದು. ಏನನ್ನೋ ಮೂಸಿ ತಟಕ್ಕನೆ ಹಿಂದೆ ಸರಿಯುವುದು. ಸೊಂಟ ಹಿಡಿದು ಬಾಗುವುದು. ಕೊನೆಗೆ ಗಿರ್ರನೆ ಒಂದು ಸುತ್ತು. ತೊಕಿಕೊ ನೆತ್ತಿಯ ಮೇಲಿನ ಕನ್ನಡಕವನ್ನು ಅಂಗಡಿಯೆಲ್ಲ ಹುಡುಕುವುದು, ಉಪ್ಪಿನಕಾಯಿ ಜಾಡಿ ತೆರೆಯುವುದು, ಸ್ಟೂಲಿನಿಂದ ಏಳುವುದು, ಎಲ್ಲವನ್ನೂ ಮಿಜುಹೊ ಇದ್ದದ್ದು ಇದ್ದ ಹಾಗೆ ಅಣಕಿಸಿದ್ದಳು! ತೊಕಿಕೊ ಮಾತ್ರ ವಾರವಿಡೀ ಒಲೆಗಳ ನಡುವೆ ಅಭ್ಯಾಸ ಮಾಡಿ, “ಎಂಥ ದುಃಖ ತುಂಬಿದೆ ನೋಡೇ ಈ ಕೈಯಲ್ಲಿ!” ಎಂದು ಕಣ್ಣೊರೆಸಿಕೊಂಡರು.

ಕಾರ್ಯಕ್ರಮದ ದಿನ ಬಾಗಿಲ ಬಳಿ ನಿಜ ಹೇಳಿದರಾಯಿತು ಎಂದುಕೊಂಡಿದ್ದಳು ಮಿಜುಹೊ. ಆದರೆ ಸಂಖ್ಯೆ ಕೂಗಿ ಒಳಗೆ ಬಿಡುವ ಜಾಗ ಅದು. ಮೂರು ಎಂದದ್ದೇ ತೊಕಿಕೊ ಮಾಯ. ಮಿಜುಹೊದು ನೂರ ಎಂಬತ್ತೇಳು. ಒಳಹೊಕ್ಕಾಗ ನಡುವೆ ಜನ ಡಬ್ಬಿಯಲ್ಲಿ ಒತ್ತಿದ ಅನ್ನದಂತೆ.

ಹನ್ನೊಂದನೇ ಹಾಡು ಶುರುವಾಯಿತು.

“ತೊಕಿಕೊ ಸಾನ್, ಬೇಡ! ಅದು ಸುಳ್ಳು!” ಮಿಜುಹೊಳ ಕೂಗನ್ನು ಡ್ರಮ್ ನುಂಗಿತು.

ತೊಕಿಕೊ ತಲೆ ತಡವಿದರು. ಅಕ್ಕಪಕ್ಕದವರು ಓರೆಗಣ್ಣಲ್ಲಿ ನೋಡಿ ತಾವೂ ತಡವಿದರು. ಎರಡನೇ ಸಾಲು, ಮೂರನೇ ಸಾಲು, ಮುನ್ನೂರು ಜನ. ಬೇರೆ ದಾರಿಯಿಲ್ಲದೆ ಮಿಜುಹೊ ಕೂಡ. ವೇದಿಕೆಯ ಮೇಲಿದ್ದ ರೇಯಿಕಾ ಅಭಿಮಾನಿಗಳ ಮನಸ್ಸು ನೋಯಿಸುವವನಲ್ಲ. ಹೆಣದ ಮುಖ ಮಾಡಿಕೊಂಡೇ ಉಪ್ಪಿನಕಾಯಿ ಮೂಸಿ ಹಿಂದೆ ಸರಿದ. ಒಂದೆರಡು ಪುಕ್ಕ ಉದುರಿದವು.

ಆಮೇಲೆ ಸೊಂಟ. ಆಮೇಲೆ ಸುತ್ತು. ತೊಕಿಕೊ ಹಿಂದಕ್ಕೆ ತಿರುಗಿದರು. ಕಪ್ಪು ಲೇಸು ತೊಟ್ಟ ಮುನ್ನೂರು ಜನ ಸೊಂಟ ಹಿಡಿದು ಸ್ಟೂಲಿನಿಂದ ಏಳುತ್ತಿದ್ದರು.

ತೊಕಿಕೊ ಕೈ ಅಲ್ಲೇ ನಿಂತಿತು. ತಲೆಗಳ ಮೇಲಿಂದ ಅದನ್ನು ಕಂಡ ಮಿಜುಹೊ ತುದಿಗಾಲಲ್ಲಿ ನಿಂತಳು. ಇನ್ನು ಆ ಕಡೆ ತಲೆ ಹಾಕಲ್ಲ ಎಂದಿದ್ದರಲ್ಲ! ತೊಕಿಕೊ ಮೆಲ್ಲಗೆ ನೆತ್ತಿ ಮುಟ್ಟಿ ನೋಡಿಕೊಂಡರು. ಕನ್ನಡಕ ಅಲ್ಲೇ ಇತ್ತು.

“ಮಿಜುಹೊ! ಹಾಳಾದವಳೇ! ನಾನು ಹೀಗಾ ಏಳೋದು?”

ಸತ್ತ ಮೇಲೂ ಹಾಡುತ್ತಿದ್ದವನು ನಗು ತಡೆಯಲಾರದೆ ಸಾಲು ಮರೆತ. ಮಿಜುಹೊ ಅಳುತ್ತಲೇ ನಕ್ಕಳು. ಡ್ರಮ್ಮನ್ನೂ ಮೀರಿ ಕೇಳಿಸಿದ್ದು ಮಾತ್ರ ತೊಕಿಕೊ ನಗು; ಸೊಂಟ ಹಿಡಿದುಕೊಂಡು ನಗುತ್ತಿದ್ದರು, ಈ ಸಲ ನಿಜಕ್ಕೂ ನೋಯುತ್ತಿತ್ತು.